ಮೂರನೆಯ ಬಾಗಿಲು

ಬಾಗಿಲಿನ ಕೆಳಭಾಗದಲ್ಲಿ ಒಂದು ಕುರಿಮರಿ ಸಲೀಸಾಗಿ ನುಸುಳುವಷ್ಟು ದೊಡ್ಡ ತೂತು ಬಿದ್ದಿತ್ತು. ರೋವೀನಾ ಹಾರ್ಗ್ರೀವ್ ನೆಲದ ಮೇಲೆ ಕುಳಿತು ಮರದ ಸಿಬಿರುಗಳನ್ನು ಬಕೆಟ್ಟಿಗೆ ತುಂಬುತ್ತಿದ್ದಳು. ಎರಡು ತಿಂಗಳಲ್ಲಿ ಟಕರ್ ಹಾಳುಮಾಡಿದ ಮೂರನೆಯ ಬಾಗಿಲು ಇದು. ಕುರಿ ಕಾಯುವ ಕೆಲ್ಪಿ ತಳಿಯ ಆ ಕೆಂಗಂದು ನಾಯಿಯ ಒಸಡಿನಿಂದ ಇನ್ನೂ ರಕ್ತ ಒಸರುತ್ತಿತ್ತು. ಆದರೂ ಅದು ಏನೂ ನಡೆದೇ ಇಲ್ಲವೆಂಬಂತೆ ಅವಳ ಮೊಣಕೈ ನೆಕ್ಕಿತು.

ಬಾಡಿಗೆ ಮನೆಗಳ ಏಜೆಂಟ್ ಕರೀನ್ ಮ್ಯಾಡಿಗನ್ ಹೊಸ್ತಿಲಲ್ಲೇ ನಿಂತು ಫೋಟೊ ತೆಗೆದಳು.

"ನೋಡಿ ಮೇಡಂ, ಇದೇ ಕೊನೆ. ಮುಂದಿನ ಬುಧವಾರ ಒಂಬತ್ತು ಗಂಟೆಗೆ ಮನೆ ನೋಡೋಕೆ ಬರ್ತೀನಿ. ಅಷ್ಟರಲ್ಲಿ ಹೊಸ ಬಾಗಿಲು ಹಾಕ್ಸಿ. ಅದರ ಮೇಲೆ ಒಂದೇ ಒಂದು ಗೀರು ಕಂಡ್ರೂ ನಾಯಿ ಹೋಗ್ಬೇಕು."

"ಎಲ್ಲಿಗೆ?"

"ಬೀದಿನಾಯಿಗಳ ದೊಡ್ಡಿಗೆ. ವಯಸ್ಸಾಗಿದೆ, ಯಾರೂ ಸಾಕಲ್ಲ ಅಂದ್ರೆ... ಒಂದು ಇಂಜೆಕ್ಷನ್ನು, ನೋವೂ ಇರಲ್ಲ."

"ನಂಗೂ ವಯಸ್ಸಾಗಿದೆ, ಮಂಡಿ ಬೇರೆ ಹೋಗಿದೆ. ಸಿರಿಂಜು ಎರಡು ತನ್ನಿ," ಎಂದಳು ರೋವೀನಾ, ತಲೆ ಎತ್ತದೆ.

ಇಪ್ಪತ್ತೆಂಟು ವರ್ಷ ಕುರಿ ಫಾರಂಗಳಲ್ಲಿ ಮಂದೆ ಹೊಡೆದವಳು ಅವಳು. ಕೊನೆಯ ಎಂಟು ವರ್ಷ ಟಕರ್ ಜೊತೆಗಿತ್ತು. ಕುದುರೆಯಿಂದ ಬಿದ್ದು ಮಂಡಿ ಮುರಿದ ಮೇಲೆ ಇಬ್ಬರೂ ವಿಲ್ಗಾ ಕ್ರಾಸಿಂಗ್ ಪೇಟೆಯ ಈ ಬಾಡಿಗೆ ಮನೆ ಸೇರಿದ್ದರು. ಬಂದ ದಿನವೇ ಅವಳು ಮಾಡಿದ ಮೊದಲ ಕೆಲಸವೆಂದರೆ ನಾಯಿಯ ಸರಪಳಿಯನ್ನು ಕಸದ ಡಬ್ಬಿಗೆ ಎಸೆದದ್ದು. ಫಾರಂಗಳಲ್ಲಿ ಕೆಲಸದ ನಾಯಿಯನ್ನು ಸಂಜೆಯಾಗುತ್ತಲೇ ಕಟ್ಟಿಹಾಕುವುದು ವಾಡಿಕೆ. "ಇನ್ಮೇಲೆ ನಿನ್ನ ಕೊರಳಿಗೆ ಕಬ್ಬಿಣ ಇಲ್ಲ ಕಣೋ," ಎಂದು ಅಂದು ಅವಳು ಅದರ ಕಿವಿ ತುರಿಸಿದ್ದಳು. ಆ ಮಾತಿನ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ಉಪದೇಶಗಳಿಗೇನೂ ಬರವಿರಲಿಲ್ಲ. ಮೂತಿಗೆ ಬುಟ್ಟಿ ಹಾಕು ಎಂದರು. ಬಾಗಿಲಿಗೆ ಖಾರದ ಪುಡಿ ಬಳಿ ಎಂದರು; ಬಳಿದಳು, ಟಕರ್ ಅದನ್ನೂ ನೆಕ್ಕಿತು. ಪಶುವೈದ್ಯೆ ಮಾತ್ರ ಹಲ್ಲು, ಕಿವಿ, ಹೊಟ್ಟೆಗಳನ್ನೆಲ್ಲ ಪರೀಕ್ಷಿಸಿ, "ಕಾಯಿಲೆ ಇಲ್ಲ. ಬೆಳಿಗ್ಗೆ ಎದ್ದು ಬೈಬೇಡಿ, ಯಾಕೆ ಬೈತಿದೀರ ಅಂತ ಅದಕ್ಕೆ ಗೊತ್ತಾಗಲ್ಲ. ಯಾವ್ಯಾವ ದಿನ ಅಂತ ಗುರುತು ಹಾಕ್ತಾ ಹೋಗಿ," ಎಂದಿದ್ದಳು. ಆ ಗುರುತುಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿದ್ದವು.

ಹೊಸ ಬಾಗಿಲು ಕೂರಿಸಲು ಬಂದ ಪಕ್ಕದ ಮನೆಯ ಬ್ಯಾರಿ, ಚಹಾ ಕುಡಿಯುತ್ತ ಆ ಕ್ಯಾಲೆಂಡರಿನ ಮುಂದೆ ನಿಂತುಬಿಟ್ಟ. ಅವನು ನಿವೃತ್ತ ಲಾರಿ ಚಾಲಕ.

"ಏನೇ ಅಮ್ಮಣ್ಣಿ, ನಿನ್ನ ನಾಯಿ ಮಂಗಳವಾರ ರಾತ್ರಿ ಮಾತ್ರ ಹುಚ್ಚಾಗುತ್ತಾ?"

ರೋವೀನಾ ಎದ್ದು ಬಂದಳು. ಎಂಟು ಗುರುತು. ಎಂಟೂ ಮಂಗಳವಾರ ರಾತ್ರಿಯವೇ.

"ಬುಧವಾರ ಕುರಿ ಸಂತೆ ಅಲ್ವಾ," ಎಂದ ಬ್ಯಾರಿ. "ಹಿಂದಿನ ರಾತ್ರಿ ಕುರಿ ತುಂಬಿದ ಲಾರಿಗಳು ಈ ರಸ್ತೇಲೇ ಬರೋದು. ನಾನೇ ಹದಿನಾಲ್ಕು ವರ್ಷ ಓಡ್ಸಿದೀನಿ. ನಿಂಗೆ ಕೇಳ್ಸಲ್ವಾ?"

"ಮಂಡಿ ನೋವಿನ ಮಾತ್ರೆ ನುಂಗಿ ಹೆಣದ ಹಾಗೆ ಬಿದ್ಕೊಂಡಿರ್ತೀನಿ." ಅವಳ ಹುಬ್ಬು ಗಂಟಿಕ್ಕಿತು. "ಆದ್ರೆ ಫಾರಂಗೂ ರಾತ್ರಿ ಹೊತ್ತು ಲಾರಿ ಬರ್ತಿದ್ವು. ಇವನು ಕಿವೀನೂ ಅಲ್ಲಾಡಿಸ್ತಿರ್ಲಿಲ್ಲ."

"ಅಲ್ಲಿ ನೀನು ಕಟ್ಟಿಹಾಕಿರ್ತಿದ್ದೆ."

"ಕಟ್ಟಿದ್ರೂ ಬೊಗಳಬಹುದಿತ್ತಲ್ಲ? ಎಳೆದಾಡಬಹುದಿತ್ತಲ್ಲ?"

ಹಾಗೆನ್ನುತ್ತಲೇ ರೋವೀನಾಗೆ ಫಾರಂನ ಸಂಜೆಗಳು ನೆನಪಾದವು. ಎಂಟು ವರ್ಷ, ಪ್ರತಿ ಸಂಜೆ, ಟಕರ್ ತಾನಾಗಿಯೇ ಬಂದು ಕತ್ತು ಚಾಚುತ್ತಿತ್ತು. ಸರಪಳಿಯ ಕೊಂಡಿ ಕೊರಳಪಟ್ಟಿಗೆ 'ಟಕ್' ಎಂದು ಬಿದ್ದೊಡನೆ ನಿಟ್ಟುಸಿರುಬಿಟ್ಟು ಮುದುಡಿಕೊಳ್ಳುತ್ತಿತ್ತು. ಕೊಂಡಿ ಬಿತ್ತೆಂದರೆ ಕೆಲಸ ಮುಗಿಯಿತು. ಕಳಚಿತೆಂದರೆ ಕೆಲಸ ಆರಂಭ. ಈ ಎರಡು ತಿಂಗಳಲ್ಲಿ ಆ ನಾಯಿಗೆ ಕೆಲಸ ಮುಗಿಯಿತೆಂದು ಯಾರೂ ಹೇಳಿರಲಿಲ್ಲ. ಸ್ವಾತಂತ್ರ್ಯವೆಂದು ಅವಳು ಕೊಟ್ಟದ್ದು ಕೊನೆಯೇ ಇಲ್ಲದ ಪಾಳಿಯಾಗಿತ್ತು.

"ಅಂಗಡಿಯಿಂದ ಒಂದು ಕೊಂಡಿ ತರ್ಬೇಕು," ಎಂದಳು ಅವಳು.

"ಕೊನೆಗೂ ಸರಪಳಿಗೇ ಬಂದ್ಯಲ್ಲ!" ಬ್ಯಾರಿ ನಕ್ಕ.

"ಕಟ್ಟೋಕಲ್ಲ ಕಣೋ, ರಜೆ ಕೊಡೋಕೆ. ನೋಡ್ತಿರು."

ಮಂಗಳವಾರ ಸಂಜೆ ಅವಳು ಕುಂಟುತ್ತ ಟಕರನ್ನು ಬ್ಯಾರಿಯ ಹಿತ್ತಲಿಗೆ ಕರೆದೊಯ್ದಳು. ಅರ್ಧ ಗಂಟೆ ಅದು ಅವನ ಐದು ಬಾತುಕೋಳಿಗಳನ್ನು ಮೂಲೆಯಿಂದ ಮೂಲೆಗೆ ಹೊಡೆಯಿತು. ನಂತರ ಹೊಟ್ಟೆ ತುಂಬ ಊಟ. ಆಮೇಲೆ ಅವಳು ಅಂಗಡಿಯಿಂದ ತಂದ ಹಿತ್ತಾಳೆಯ ಕೊಂಡಿಯನ್ನು ಕೊರಳಪಟ್ಟಿಗೆ ಸಿಕ್ಕಿಸಿದಳು. ಟಕ್. ಆದರೆ ಕೊಂಡಿಯ ಇನ್ನೊಂದು ತುದಿಯಿಂದ ಮಂಚದ ಕಾಲಿನವರೆಗೆ ಇದ್ದದ್ದು ಸರಪಳಿಯಲ್ಲ, ಒಂದೆಳೆ ಉಣ್ಣೆಯ ನೂಲು. ಮರಿನಾಯಿಯೂ ಹರಿಯಬಹುದಾದ ನೂಲು.

ಆ ರಾತ್ರಿ ಅವಳು ಮಾತ್ರೆ ನುಂಗಲಿಲ್ಲ. ಎರಡು ಗಂಟೆಗೆ ಹತ್ತು ನಿಮಿಷವಿದ್ದಾಗ ಕಿಟಕಿಯ ಗಾಜು ಅದುರಿತು. ಮೊದಲ ಲಾರಿ. ಅದರ ಬೆನ್ನಿಗೇ ನೂರಾರು ಕುರಿಗಳ ಅರಚಾಟ. ಟಕರ್ ಎದ್ದುನಿಂತಿತು. ಕಿವಿಗಳು ನಿಮಿರಿದವು, ನೂಲು ಬಿಗಿಯಾಯಿತು. ಬಾಗಿಲು ನಾಲ್ಕೇ ಹೆಜ್ಜೆ ದೂರ. ರೋವೀನಾ ತುಟಿ ಕಚ್ಚಿ ಹಿಡಿದಳು. ಫಾರಂನಲ್ಲಿ ಅದನ್ನು ಸಂತೈಸಲು ಯಾರೂ ಪಕ್ಕದಲ್ಲಿ ಮಲಗಿರಲಿಲ್ಲ. ಇಲ್ಲಿಯೂ ಅದೇ ನಿರ್ಧರಿಸಬೇಕು.

ಟಕರ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕೊರಳಲ್ಲಿ ಕೊಂಡಿ ಸಣ್ಣಗೆ ಕಿಣಿಗುಟ್ಟಿತು.

ಅದು ತಲೆ ತಗ್ಗಿಸಿತು. ಒಂದು ಸುತ್ತು ಸುತ್ತಿ, ದೀರ್ಘವಾಗಿ ನಿಟ್ಟುಸಿರುಬಿಟ್ಟು ಮಲಗಿತು. ಮೂರನೆಯ ಲಾರಿ ಹಾದುಹೋಗುವಾಗ ಅದು ಗೊರಕೆ ಹೊಡೆಯುತ್ತಿತ್ತು.

ಒಂಬತ್ತಕ್ಕೆ ಸರಿಯಾಗಿ ಕರೀನ್ ಬಂದಳು. ಬಾಗಿಲನ್ನು ಸವರಿದಳು, ಬಗ್ಗಿ ನೋಡಿದಳು, ಕೊನೆಗೆ ಮಂಡಿಯೂರಿದಳು.

"ಚೆನ್ನಾಗಿ ಹುಡುಕಿ," ಎಂದಳು ರೋವೀನಾ. "ಟಾರ್ಚು ಬೇಕಾ?"

"ಇದೊಂದು ರಾತ್ರಿ ಸುಮ್ನಿದ್ದಿರ್ಬಹುದು. ಮುಂದಿನ ವಾರ?"

"ಮುಂದಿನ ವಾರವೂ ಲಾರಿ ಬರ್ಲಿ. ನೀವೂ ಬನ್ನಿ. ಒಂದು ಗೀರು ಅಂದಿದ್ರಿ, ಸಿಕ್ಕಿದ್ರೆ ತೋರ್ಸಿ. ಇಲ್ಲಾಂದ್ರೆ ಬರೀರಿ."

ಕರೀನ್ ತುಟಿ ಬಿಗಿದು 'ಹೊಸ ಹಾನಿ ಇಲ್ಲ, ನಾಯಿ ಇರಬಹುದು' ಎಂದು ಬರೆದು ಸಹಿ ಹಾಕಿದಳು. ಆಗಲೇ ಅವಳ ಕಣ್ಣು ನೂಲಿನ ಮೇಲೆ ಬಿತ್ತು. "ಇದರಲ್ಲಾ ಕಟ್ಟಿರೋದು? ಹರ್ಕೊಂಡ್ರೆ?"

"ಕೆಲಸ ಮುಗಿದ ಮೇಲೆ ಯಾಕೆ ಹರ್ಕೊಳ್ತಾನೆ?" ಸಹಿಯ ಕಾಗದವನ್ನು ಜೇಬಿಗಿಳಿಸಿ ರೋವೀನಾ ಬಗ್ಗಿ ಕೊಂಡಿ ಕಳಚಿದಳು. "ಈಗ ನೋಡಿ, ಶುರುವಾಯ್ತು."

ಟಕರ್ ಬಾಣದಂತೆ ನೆಗೆಯಿತು. ಕರೀನ್‌ಳ ಬೆನ್ನ ಹಿಂದಕ್ಕೆ ಸುತ್ತಿಬಂದು, ನೆಲಕ್ಕೆ ಹೊಟ್ಟೆ ತಾಗಿಸಿ, ಅವಳ ಹಿಮ್ಮಡಿಯ ಮೇಲೆ ದೃಷ್ಟಿ ನೆಟ್ಟಿತು. ಅವಳು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಒಮ್ಮೆಯೂ ಮೈ ಮುಟ್ಟದೆ, ಒಮ್ಮೆಯೂ ಬೊಗಳದೆ, ಅದು ಕರೀನ್ ಮ್ಯಾಡಿಗನ್‌ಳನ್ನು ಜಗಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗೇಟಿಗೆ ಅಚ್ಚುಕಟ್ಟಾಗಿ ಹೊಡೆದುಕೊಂಡು ಹೋಗಿ ಕಾರಿನೊಳಗೆ ಸೇರಿಸಿತು.