ಗಿರಣಿ ಓಣಿಯ ಅಗುಳಿ

ಗೇನರ್ ದ್ರಾಕ್ಷಿ ಸೀಳುತ್ತಿದ್ದಳು. ಮಕ್ಕಳ ಗಂಟಲಿಗೆ ಸಿಕ್ಕದಿರಲೆಂದು ಒಂದೊಂದು ಹಣ್ಣನ್ನೂ ಉದ್ದಕ್ಕೆ ಸೀಳಿ, ಸೀಳಿದ್ದನ್ನು ಇನ್ನೊಮ್ಮೆ ಸೀಳಬೇಕು. ಅಡ್ಡಕ್ಕೆ ಕತ್ತರಿಸಿದ್ದು ಕಂಡರೆ ಬುಟ್ಟಿಯೇ ಕಸಕ್ಕೆ ಹೋಗುತ್ತಿತ್ತು. ಶಾಲೆಯ ಅಡುಗೆಮನೆಯ ಚಾಕುಗಳಿಗೆ ಮೊನೆಯಿಲ್ಲ, ಹರಿತವೂ ಅಷ್ಟಕ್ಕಷ್ಟೆ. ಅವಳು ಮನೆಯಿಂದ ತರುತ್ತಿದ್ದ, ಅಮ್ಮನ ಕಾಲದ ಪುಟ್ಟ ಚಾಕು ಹೋದ ವರ್ಷವೇ ಡೆಸ್ಮಂಡನ ಮೇಜಿನ ಖಾನೆ ಸೇರಿತ್ತು. ಡೆಸ್ಮಂಡ್ ಪುರಸಭೆಯ ಸುರಕ್ಷತಾ ಅಧಿಕಾರಿ. ಶಾಲೆ, ಈಜುಕೊಳ, ಸಂತೆ, ಸ್ಮಶಾನ ಎಲ್ಲವೂ ಅವನ ಸುಪರ್ದಿಗೆ ಸೇರಿದ್ದವು.

ಮೊಂಡು ಚಾಕು ಸಿಪ್ಪೆಯ ಮೇಲೆ ಜಾರಿ ಅವಳ ಬೆರಳಿಗೇ ಬಂತು. ಚುರ್ರೆಂದಿತು. ನೀಲಿ ಪಟ್ಟಿ ಸುತ್ತಿ, ಮೇಲೊಂದು ಕೈಗವಸು ಎಳೆದುಕೊಂಡು, ಮತ್ತೆ ದ್ರಾಕ್ಷಿಗೆ ಕೈಹಾಕಿದಳು.

ಕಿಟಕಿಯಾಚೆ ಮಕ್ಕಳ ಪ್ಯಾನ್‌ಕೇಕ್ ಓಟ ನಡೆದಿತ್ತು, ಬಾಣಲೆಯಲ್ಲಿ ದೋಸೆಯಂಥದನ್ನು ಹಾರಿಸಿ ಹಿಡಿಯುತ್ತ ಓಡುವ ಹಬ್ಬದ ಆಟ. ನೆಲ ಒದ್ದೆಯಿದ್ದುದರಿಂದ ಓಡಕೂಡದೆಂದು ಅಪ್ಪಣೆಯಾಗಿತ್ತು. ಬಾಣಲೆ ಪ್ಲಾಸ್ಟಿಕ್ಕಿನದು, ಪ್ಯಾನ್‌ಕೇಕ್ ನಿನ್ನೆಯದು. ಮಕ್ಕಳು ಒಂದರ ಹಿಂದೊಂದು ಅಂತರ ಬಿಟ್ಟು ನಡೆಯುತ್ತಿದ್ದವು.

"ಹೆಸರಿಗೆ ಓಟ ಕಣೇ. ಹೆಣದ ಹಿಂದೆ ಹೊರಟ ಹಾಗೆ ಹೊರಟಿದಾವೆ ನೋಡು," ಎಂದಳು ಅಡುಗೆಯ ಪಾಲೀನ್. "ಮುಂದಿನ ವರ್ಷ ಪ್ಯಾನ್‌ಕೇಕಿಗೂ ಹೆಲ್ಮೆಟ್ ಹಾಕಿಸ್ತಾನೆ ನಿನ್ನ ಡೆಸ್ಮಂಡು."

ಅವನು ನನ್ನವನು ಹೇಗಾದ ಎಂದು ಗೇನರ್ ನಕ್ಕಳು. ನಗುವಾಗ ಚಾಕುವಿನ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಪಟ್ಟಿಯಡಿಯ ಗಾಯ ಮತ್ತೆ ಬಾಯಿಬಿಟ್ಟಿತು. ಯಾರಿಗಾದರೂ ಹೊಡೆಯಬೇಕು ಎನ್ನಿಸುವುದು ಈಚೆಗೆ ಅವಳಿಗೆ ಹೊಸದಾಗಿರಲಿಲ್ಲ. ಇಂಥವರಿಗೆ ಎಂದಿಲ್ಲ. ಏಣಿ ಹತ್ತಬೇಡಿ, ಕೆಟಲ್ ಮುಟ್ಟಬೇಡಿ, ಬಿದ್ದ ಮಗುವನ್ನು ತಬ್ಬಿಕೊಳ್ಳಬೇಡಿ ಎಂಬ ಮಾತುಗಳನ್ನು ತಲೆಯಾಡಿಸಿ ಕೇಳಿಕೊಂಡು ಬಂದ ಮೈಯೊಳಗೆ ಎಲ್ಲೋ ಒಂದು ಮುಷ್ಟಿ ಮಡಚಿಕೊಂಡೇ ಕುಳಿತಿತ್ತು.

ಮಧ್ಯಾಹ್ನ ಚೆಂಡಾಟ. ಲೆಂಟ್ ಉಪವಾಸ ಶುರುವಾಗುವ ಹಿಂದಿನ ಮಂಗಳವಾರ, ಮತ್ತೆ ಮಾರನೆಯ ಬುಧವಾರ, ಇಡೀ ಥಾರ್ನ್‌ಬೆಕ್ ಊರೇ ಬೀದಿಗಿಳಿದು ಹೊಡೆದಾಡುತ್ತದೆ. ಹೊಳೆಯ ಆಚೆ ಹುಟ್ಟಿದವರು ಒಂದು ಕಡೆ, ಈಚೆ ಹುಟ್ಟಿದವರು ಒಂದು ಕಡೆ. ತೊಗಲಿನ ಚೆಂಡನ್ನು ತಮ್ಮ ದಡದ ಗಿರಣಿಕಲ್ಲಿಗೆ ಬಡಿದವರು ಗೆದ್ದಂತೆ. ಕೊಲ್ಲಬಾರದು ಎಂಬುದೊಂದು ಬಿಟ್ಟರೆ ಬೇರೆ ನಿಯಮವಿರಲಿಲ್ಲ. ಚೆಂಡನ್ನು ನಡುವೆ ಇಟ್ಟುಕೊಂಡು ನೂರಾರು ಜನ ಒಬ್ಬರಿಗೊಬ್ಬರು ಹೆಣೆದುಕೊಂಡು ತಳ್ಳುವುದಕ್ಕೆ ಊರಲ್ಲಿ 'ಅಪ್ಪುಗೆ' ಎಂದೇ ಹೆಸರು. ಆ ಅಪ್ಪುಗೆಯಲ್ಲಿ ಪಕ್ಕೆಲುಬು ಮುರಿದಿವೆ, ಕಿವಿ ಹರಿದಿವೆ, ಮದುವೆಗಳೂ ಕುದುರಿವೆ.

ಈ ವರ್ಷ ಕಾವಲಿಗೆ ಸಾಕಷ್ಟು ಜನ ಸಿಗದಿದ್ದರೆ ಆಟಕ್ಕೆ ಪರವಾನಗಿಯಿಲ್ಲ ಎಂದು ಡೆಸ್ಮಂಡ್ ಹೇಳಿಬಿಟ್ಟಿದ್ದ. ಗೇನರಳ ಮಗಳು ಬ್ರಯನಿ ಮೊದಲ ಸಲ ಅಪ್ಪುಗೆಗೆ ಇಳಿಯುವವಳಿದ್ದಳು. ಚಳಿಗಾಲವೆಲ್ಲ ಹಿಟ್ಟಿನ ಮೂಟೆ ಹೊತ್ತು ಭುಜ ಗಟ್ಟಿಮಾಡಿಕೊಂಡಿದ್ದಳು. ಅವಳ ಆಟ ನಿಲ್ಲಬಾರದೆಂದು ಗೇನರ್ ಹಳದಿ ಅಂಗಿ ತೊಟ್ಟು, ಕೈಯಲ್ಲಿ ರೇಡಿಯೋ ಹಿಡಿದು, ಗಿರಣಿ ಓಣಿಯಲ್ಲಿ ನಿಂತಳು.

ಓಣಿ ಇಕ್ಕಟ್ಟು. ಒಂದು ಪಕ್ಕ ಹಳೇ ಗಿರಣಿಯ ಎತ್ತರದ ಗೋಡೆ, ಇನ್ನೊಂದು ಪಕ್ಕ ಚರ್ಚಿನ ಸ್ಮಶಾನದ ಮೊಣಕಾಲೆತ್ತರದ ಕಟ್ಟೆ. ಆ ಕಟ್ಟೆಯ ಮುಂದೆ ಈ ಸಲ ಉದ್ದಕ್ಕೂ ಉಕ್ಕಿನ ತಡೆ ನಿಲ್ಲಿಸಿ, ನಡುವೆ ಒಂದು ಗೇಟಿಟ್ಟು, ಗೇಟಿಗೆ ಅಗುಳಿ ಜಡಿದಿದ್ದರು. ಗೇನರ್ ನಿಂತಿದ್ದದ್ದು ತಡೆಗೂ ಕಟ್ಟೆಗೂ ನಡುವಿನ ಸಂದಿಯಲ್ಲಿ. ರೇಡಿಯೋದಲ್ಲಿ ತನ್ನ ಮಾತು ಬರುವವರೆಗೆ ಅಗುಳಿ ಮುಟ್ಟಕೂಡದೆಂದು ಡೆಸ್ಮಂಡ್ ಅವಳ ಬಾಯಲ್ಲೇ ಎರಡು ಸಲ ಹೇಳಿಸಿದ್ದ.

ಅಪ್ಪುಗೆ ಓಣಿಗೆ ನುಗ್ಗಿದಾಗ ಹೊತ್ತು ಇಳಿಯುತ್ತಿತ್ತು. ಮೊದಲು ಬಂದದ್ದು ಹಬೆ. ಬೆವೆತ ಮೈಗಳ ಹಬೆ ಚಳಿಯಲ್ಲಿ ಮೇಲೆದ್ದು ಗಿರಣಿಯ ಕಿಟಕಿಗಳನ್ನು ಮಸುಕು ಮಾಡಿತು. ಹಿಂದೆಯೇ ಜನ. ಒಬ್ಬನ ಮೊಣಕೈ ಇನ್ನೊಬ್ಬನ ಬಾಯಿಗೆ ಬಡಿದು ಹಲ್ಲಿನ ಚೂರು ತಡೆಯಾಚೆ ಹಾರಿ ಗೇನರಳ ಬೂಟಿನ ಮೇಲೆ ಬಿತ್ತು. ಮಾಂಸದ ಅಂಗಡಿಯವನು ತನ್ನ ಬೀಗನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಉಜ್ಜುತ್ತಿದ್ದ. ಬೀಗ ಅವನ ಹೆಬ್ಬೆರಳು ಕಚ್ಚಿದ್ದ. ರಕ್ತ ಯಾರದು ಯಾರ ಮೈಮೇಲಿದೆ ಎಂದು ತಿಳಿಯುವಂತಿರಲಿಲ್ಲ. ಬ್ರಯನಿ ಅಂಚಿನಲ್ಲಿದ್ದಳು, ತುಟಿ ಒಡೆದಿತ್ತು, ನಗುತ್ತಿದ್ದಳು. ಅಮ್ಮನನ್ನು ಕಂಡು ಕಣ್ಣು ಹೊಡೆದಳು.

ಆಗ ಒಳಗಿನಿಂದ ಕೂಗು ಬಂತು. "ನೆಲ. ನೆಲ."

ಯಾರೋ ಕೆಳಗೆ ಬಿದ್ದಿದ್ದರು. ಆ ಕೂಗು ಕೇಳಿದೊಡನೆ ಬಿದ್ದವನಿಗೆ ಬೆನ್ನು ತಿರುಗಿಸಿ ಹೊರಕ್ಕೆ ತಳ್ಳಬೇಕು, ಅಪ್ಪುಗೆಯನ್ನು ಬಿಚ್ಚಬೇಕು. ಅದನ್ನು ಥಾರ್ನ್‌ಬೆಕ್‌ನಲ್ಲಿ ಯಾರೂ ಕಲಿಸುವುದಿಲ್ಲ, ಅಪ್ಪನ ಹೆಗಲ ಮೇಲೆ ಕೂತು ನೋಡಿದವರಿಗೆಲ್ಲ ಗೊತ್ತು. ಗಿರಣಿ ಓಣಿಯಲ್ಲಾದರೆ ಜನ ಕಟ್ಟೆ ಹಾರಿ ಸ್ಮಶಾನದ ಹುಲ್ಲಿಗೆ ಚೆಲ್ಲುತ್ತಿದ್ದರು. ಈಗಲೂ ಎಲ್ಲರೂ ಕೂಗಿದರು, ಎಲ್ಲರೂ ತಿರುಗಿದರು, ತಮ್ಮ ಅಪ್ಪಂದಿರು ತಳ್ಳಿದ ಹಾಗೆಯೇ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಳ್ಳಿದರು. ಉಕ್ಕಿನ ತಡೆ ಕಿರುಗುಟ್ಟಿತು, ಜಗ್ಗಲಿಲ್ಲ. ಜೀವ ಉಳಿಸಲು ತಳ್ಳಿದ ಬಲವೆಲ್ಲ ಅಂಚಿನಲ್ಲಿದ್ದವರ ಎದೆಯ ಮೇಲೆ ಬಂದು ಕೂತಿತು. ಬ್ರಯನಿಯ ಕೆನ್ನೆ ಸರಳುಗಳ ನಡುವೆ ಸಿಕ್ಕಿ ಉಬ್ಬಿತು. ಅವಳು ಬಾಯಿ ತೆರೆದಳು. ಸ್ವರ ಬರಲಿಲ್ಲ.

ಗೇನರ್ ರೇಡಿಯೋ ಒತ್ತಿ ಅಗುಳಿ ತೆಗೆಯಲೇ ಎಂದು ಕೇಳಿದಳು. ಅಷ್ಟನ್ನು ಕೇಳಿದ್ದಕ್ಕೆ ಆಮೇಲೆ ತನ್ನನ್ನು ತಾನು ಎಷ್ಟು ಹಳಿದುಕೊಂಡಳೋ. ಬೇಡ, ನಾನೇ ಬಂದು ನೋಡುತ್ತೇನೆ ಎಂದಿತು ಡೆಸ್ಮಂಡನ ದನಿ. ಮಗಳ ತುಟಿ ನೀಲಿಯಾಗುತ್ತಿತ್ತು. ಗೇನರ್ ಅಗುಳಿಗೆ ಕೈಹಾಕಿದಳು. ಅಷ್ಟೂ ಜನರ ಭಾರಕ್ಕೆ ಅದು ಬಿಗಿದುಕೊಂಡಿತ್ತು. ರೇಡಿಯೋದಿಂದಲೇ ಅದರ ಬುಡಕ್ಕೆ ಹೊಡೆದಳು. ಕೈಗವಸು ಹರಿಯಿತು, ನೀಲಿ ಪಟ್ಟಿ ಕಳಚಿ ಬಿತ್ತು, ಅಗುಳಿ ಗೆಣ್ಣುದ್ದ ಮೇಲೆದ್ದು ನಿಂತಿತು.

ಡೆಸ್ಮಂಡ್ ಸಂದಿಯಲ್ಲಿ ಓಡಿಬಂದು ಅವಳ ರಟ್ಟೆ ಹಿಡಿದ. "ಬಿಡು ಗೇನರ್. ತೆಗೆದ್ರೆ ಕಲ್ಲುಗಳ ಮೇಲೆ ಬೀಳ್ತಾರೆ."

"ಕೈ ಬಿಡು."

"ಟೆರಿ ಬಿದ್ದಿದ್ದು ಇಲ್ಲೇ ಕಣೇ. ನಿಂಗೂ ಗೊತ್ತಲ್ಲ."

ಗೊತ್ತಿತ್ತು. ಅವನ ತಮ್ಮ ಟೆರಿ ಇದೇ ಕಟ್ಟೆ ಹಾರಿ ಸಮಾಧಿಕಲ್ಲಿನ ಅಂಚಿಗೆ ಬೆನ್ನು ಕೊಟ್ಟು ಬಿದ್ದವನು ಮತ್ತೆ ನಡೆದಿರಲಿಲ್ಲ. ಆಸ್ಪತ್ರೆಗೆ ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿದ್ದವರಲ್ಲಿ ಅವಳೂ ಒಬ್ಬಳು. ಅದೆಲ್ಲ ನೆನಪಿದ್ದೇ ಅವಳು ಕೈ ಬೀಸಿದಳು. ರೇಡಿಯೋ ಅವನ ಮೂಗಿಗೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದು. ಅವನ ಹಿಡಿತ ಸಡಿಲಿತು. ಒಂದೇ ಏಟು ಸಾಕಿತ್ತು, ಆದರೂ ಅವಳು ಇನ್ನೊಂದು ಹೊಡೆದಳು.

ಆಮೇಲೆ ಅಗುಳಿಗೆ ಹೊಡೆದಳು. ಅದು ಹಾರಿ ಬಂತು. ಗೇಟು ಅಪ್ಪಳಿಸಿದ ರಭಸಕ್ಕೆ ಇಬ್ಬರೂ ಕಟ್ಟೆಯಾಚೆ ಹೋಗಿ ಬಿದ್ದರು. ಅವರ ಮೇಲಿಂದ ಓಣಿಯ ಜನವೆಲ್ಲ ಹರಿದುಬಂತು. ಬೂಟು, ಮಂಡಿ, ಕೆಸರು. ಒಂದು ಹಳೆಯ ಸಮಾಧಿಕಲ್ಲು ಬುಡಸಮೇತ ಮಗುಚಿತು. ಮಾಂಸದಂಗಡಿಯವನ ಕಾಲು ಅದರಡಿ ಸಿಕ್ಕಿ ಮುರಿಯಿತು. ಒಳಗೆ ಬಿದ್ದಿದ್ದವನನ್ನು ಯಾರೋ ಎತ್ತಿ ಕೂರಿಸಿದರು, ಅವನು ವಾಂತಿ ಮಾಡಿಕೊಂಡು ಚೆಂಡೆಲ್ಲಿ ಎಂದು ಕೇಳಿದ. ಅಷ್ಟರಲ್ಲಿ ಸೇತುವೆ ಕಡೆಯಿಂದ ಬೊಬ್ಬೆ ಎದ್ದಿತು. ಅರ್ಧ ಜನ ಅತ್ತ ಓಡಿದರು.

ಬ್ರಯನಿ ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು. ಗೇನರ್ ತೆವಳಿಕೊಂಡು ಹೋಗಿ ಅವಳ ಎದೆಗೆ ಕಿವಿಯಿಟ್ಟಳು. ಉಸಿರು ಮೊದಲು ಶಿಳ್ಳೆಯ ಹಾಗೆ, ಆಮೇಲೆ ಕೆಮ್ಮಿನ ಹಾಗೆ, ಕೊನೆಗೆ ಬೈಗುಳದ ಹಾಗೆ ಬಂತು. ತಾಯಿ ಅಳಲಿಲ್ಲ. ಬಲಗೈಗೆ ಮೂಗು ಮುರಿದ ಸದ್ದು ಇನ್ನೂ ಗೊತ್ತಿತ್ತು. ನಾಚಿಕೆಗಾಗಿ ತನ್ನೊಳಗೆ ತಡಕಿದಳು. ಸಿಕ್ಕಿದ್ದು ಹಸಿವು ತೀರಿದಂಥ ಒಂದು ಸಮಾಧಾನ. ಅದಕ್ಕೆ ಅವಳು ಹೆದರಿದಳು.

ಡೆಸ್ಮಂಡ್ ಒಂದು ಸಮಾಧಿಕಲ್ಲಿಗೆ ಒರಗಿ ಕೂತಿದ್ದ. ಅಂಗಿಯ ಹಳದಿ ಕಾಣದಷ್ಟು ರಕ್ತ. ಪುರಸಭೆಯ ಅಧ್ಯಕ್ಷರು ಬಂದು ಏನಾಯಿತೆಂದು ವಿಚಾರಿಸಿದರು. ಗೇನರ್ ಬಾಯಿ ತೆರೆಯುವ ಮೊದಲೇ ಅವನು ಹೇಳಿದ.

"ಗೇಟು ಬಡೀತು. ಒತ್ತಡಕ್ಕೆ ಅಗುಳಿ ತಾನಾಗೇ ಕಿತ್ಕೊಂಡ್ ಬಂತು."

ಅಧ್ಯಕ್ಷರು, ಹಾಗಾದರೆ ನಾಳೆಗೆ ಇನ್ನೂ ದಪ್ಪದ ಅಗುಳಿ ಬೇಕು ಎಂದರು. ಹೌದು, ಬೇಕು ಎಂದ ಡೆಸ್ಮಂಡ್. ಅವರು ಹೋದಮೇಲೆ ಗೇನರಳ ಕಡೆ ನೋಡದೆ ಮಾತಾಡಿದ.

"ನಿನ್ನ ಹೆಸರು ಎತ್ತಿದ್ರೆ ನಾಳೆ ಕಾವಲಿಗೆ ಒಬ್ಬರು ಕಮ್ಮಿ. ಆಟ ನಿಲ್ಲತ್ತೆ. ಟೆರಿ ಕಿಟಕೀಲಿ ಕೂತು ನೋಡೋದು ವರ್ಷಕ್ಕೆ ಅದೊಂದೇ." ಮೂಗಿನಿಂದ ರಕ್ತದ ಗುಳ್ಳೆ ಎದ್ದು ಒಡೆಯಿತು. "ನಾಳೆ ನನ್ನ ಮಾತು ಕೇಳ್ತೀಯ ತಾನೆ?"

"ಕೇಳ್ತೀನಿ," ಎಂದಳು ಗೇನರ್.

ಸಂಜೆ ಮನೆಯಲ್ಲಿ ಪ್ಯಾನ್‌ಕೇಕ್ ಹುಯ್ಯುತ್ತ ನಿಂತಾಗ ಅವಳಿಗೆ ಆ ಮಾತು ನಾಲಿಗೆಯ ಮೇಲೆ ಇನ್ನೂ ಇದ್ದ ಹಾಗಿತ್ತು. ಬ್ರಯನಿ ಪಕ್ಕೆಗೆ ಪಟ್ಟಿ ಬಿಗಿಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಎರಡು ಎಲುಬು ಬಿರುಕು ಬಿಟ್ಟಿದ್ದವು. ನಾಳೆ ಆಡುವುದಿಲ್ಲ, ಸುಮ್ಮನೆ ನೋಡಿಕೊಂಡು ಬರುತ್ತೇನೆ ಎಂದಳು. ನಂಬುವವರು ನಂಬಬೇಕು.

"ಹಾರಿಸಿ ಹಾಕಮ್ಮ. ಮಗುಚಿ ಹಾಕಿದ್ರೆ ಶಾಲೆದರ ಥರ ಇರತ್ತೆ."

ಗೇನರ್ ಹಾರಿಸಿದಳು. ಅದು ದೀಪದವರೆಗೆ ಹೋಗಿ, ತಿರುಗಿ, ಬಾಣಲೆಯ ಅಂಚಿಗೆ ಬಿದ್ದು ಅರ್ಧ ಒಲೆಗೆ ಜೋತುಬಿತ್ತು. ಬಿಸಿ ಬೆಣ್ಣೆ ಮಣಿಕಟ್ಟಿಗೆ ಸಿಡಿಯಿತು. ಬ್ರಯನಿ ನಗಲು ಹೋಗಿ ನೋವಿಗೆ ಪಕ್ಕೆ ಹಿಡಿದುಕೊಂಡಳು.

ಗೇನರ್ ಸುಟ್ಟ ಕೈಯನ್ನು ನಲ್ಲಿಗೆ ಹಿಡಿದಳು. ಇನ್ನೊಂದು ಕೈ ಅಂಗಿಯ ಜೇಬಿನಲ್ಲಿತ್ತು. ಅಲ್ಲಿ ತಣ್ಣಗೆ, ಹುಲ್ಲಿನಲ್ಲಿ ಹೆಕ್ಕಿಕೊಂಡು ಬಂದಿದ್ದ, ತುದಿ ಬಗ್ಗಿದ ಅಗುಳಿ. ನಾಳೆ ಡೆಸ್ಮಂಡ್ ಹೊಸದನ್ನು ಜಡಿಸುತ್ತಾನೆ. ಹಳದಿ ಅಂಗಿ ತೊಟ್ಟು ಅವಳು ಮತ್ತೆ ಅಲ್ಲೇ ನಿಲ್ಲುತ್ತಾಳೆ. ಸಂತೆಬಯಲಿನಲ್ಲಿ ಚೆಂಡು ಎಸೆದು ಆಟ ಶುರುಮಾಡುವ ಮೊದಲೇ, ಎಲ್ಲರೂ ಆ ಕಡೆ ನೋಡುತ್ತಿರುವಾಗ, ಹೊಸ ಅಗುಳಿಯನ್ನು ಎಳೆದು ಹೊಳೆಗೆ ಬಿಡುತ್ತಾಳೆ. ಗೇಟು ಮುಚ್ಚಿದ ಹಾಗೆಯೇ ಕಾಣುತ್ತದೆ. ಯಾರಾದರೂ ಕಲ್ಲಿನ ಮೇಲೆ ಬಿದ್ದು ಇನ್ನೊಬ್ಬ ಟೆರಿಯಾದರೆ ಅದು ಅವಳ ಕೈಯಿಂದಲೇ ಆದಂತೆ. ಟೆರಿಯ ಕಿಟಕಿಯನ್ನು ಅವಳು ಒಂದು ಸಲ ಕಣ್ಮುಂದೆ ತಂದುಕೊಂಡಳು, ಪೂರ್ತಿಯಾಗಿ. ಆಮೇಲೂ ಮನಸ್ಸು ಬದಲಾಗಲಿಲ್ಲ.

"ಏನಮ್ಮ, ಕೈ ತುಂಬಾ ಸುಡ್ತಾ?" ಎಂದು ಬ್ರಯನಿ ಕೇಳಿದಳು.

ಇಲ್ಲ ಎಂದು ಗೇನರ್ ನಲ್ಲಿ ನಿಲ್ಲಿಸಿ, ಬಾಣಲೆಗೆ ಇನ್ನೊಂದು ಸೌಟು ಹಿಟ್ಟು ಹುಯ್ದಳು.