ಸತ್ಯವ್ವನ ಗುಳ್ಳೆ ಯಾರಿಗೂ ಅಂಟಲಿಲ್ಲ

ಉಪ್ಪಿನಬೆಟಗೇರಿಯ ಸತ್ಯವ್ವನಿಗೆ ಮೊದಲು ಬಾಯಲ್ಲಿ ಹುಣ್ಣಾದವು. ಉಷ್ಣ ಎಂದು ಎಲ್ಲರೂ ಮಜ್ಜಿಗೆ ಕುಡಿಸಿದರು. ಎರಡು ತಿಂಗಳಾದರೂ ಮಾಯಲಿಲ್ಲ. ಹಾಲಲ್ಲಿ ನೆನೆಸಿದ ರೊಟ್ಟಿಯೂ ಗಂಟಲಲ್ಲಿ ಇಳಿಯದಾಯಿತು. ಆಮೇಲೆ ಎದೆ, ಬೆನ್ನಿನ ಮೇಲೆ ನೀರುಗುಳ್ಳೆ ಎದ್ದು, ಒಡೆದು, ಹಸಿ ಗಾಯವಾದವು.

ಅತ್ತೆ ಗುಡ್ಡವ್ವ ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿದಳು. ಸೊಸೆಯ ಉಣ್ಣುವ ತಾಟು, ನೀರಿನ ಚರಗಿ ಬೇರೆ ಇಟ್ಟಳು. ಓಣಿಯ ಬಾಣಂತಿಯೊಬ್ಬಳಿಗೆ ಸತ್ಯವ್ವ ಹಳೆ ಸೀರೆಯ ಪದರು ಸೇರಿಸಿ ಹೊಲಿದುಕೊಟ್ಟ ಕೌದಿಯನ್ನು ಆ ಮನೆಯವರು ಹೆದರಿ ತಿರುಗಿ ಕಳಿಸಿದರು. ಉಣ್ಣಲಾರದೆ ಅವಳು ಎದ್ದು ನಿಲ್ಲುವ ಶಕ್ತಿಯನ್ನೂ ಕಳೆದುಕೊಂಡಳು.

ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಮಾಶಾಬಿ ಬಂದು ಅವಳನ್ನು ಮುಟ್ಟಿ ನೋಡಿದಳು.

"ಏ, ದೂರ ಸರಿಯವಾ! ನಿನಗೂ ಹತ್ತೀತು" ಎಂದು ಗುಡ್ಡವ್ವ ಕೂಗಿದಳು.

"ಆಯಿ, ನಿಮ್ಮ ಮಗ ಇದ ಮನ್ಯಾಗ ಅದಾನ. ಅವಗ ಒಂದರೆ ಗುಳ್ಳಿ ಎದ್ದೈತೇನ್ರಿ?"

"ಅವಂದ ಎಮ್ಮಿ ಚರ್ಮ ಬಿಡ. ನಾ ಒದರಿದ್ದೂ ನಾಟೂದಿಲ್ಲ."

ಸತ್ಯವ್ವನ ಗಂಡ ಗಿರಿಯಪ್ಪ ನಕ್ಕ. ಸತ್ಯವ್ವನೂ ನಗಲು ಹೋದಳು. ತುಟಿ ಬಿರಿದು ರಕ್ತ ಬಂತು.

"ಸರ್ಪಸುತ್ತು ಒಂದ ಬದಿಗೆ ಪಟ್ಟಿ ಹಂಗ ಏಳತೈತಿ" ಎಂದಳು ಮಾಶಾಬಿ. "ಇದು ಬಾಯಿಂದ ಬೆನ್ನತನಕಾ ಐತಿ. ಇವತ್ತ ಚರ್ಮದ ಡಾಕ್ಟರಿಗೆ ತೋರಸ್ರಿ."

ಧಾರವಾಡದಲ್ಲಿ ಡಾಕ್ಟರಮ್ಮ ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರೋಗದ ಹೆಸರು ಪೆಂಫಿಗಸ್ ಎಂದು ತಿಳಿಯಿತು. ಡಾಕ್ಟರಮ್ಮ ಬಿಡಿಸಿ ಹೇಳಿದರು:

"ರೋಗದ ಜೋಡಿ ಹೊಡದಾಡಬೇಕಾದ ಮೈಯಾಗಿನ ಶಕ್ತಿ, ತಪ್ಪಿ ನಿಮ್ಮ ಚರ್ಮದ ಮ್ಯಾಲೇ ಬಿದ್ದೈತ್ರಿ. ಹೊಲಿಗಿ ಬಿಚ್ಚಿದ್ರ ಕೌದಿ ಪದರು ಬ್ಯಾರೆ ಆಗತಾವಲ್ಲ, ಹಂಗ ಚರ್ಮದ ಪದರು ಬಿಟ್ಟು ಗುಳ್ಳಿ ಏಳತಾವು. ಇದು ಅಂಟೂ ರೋಗ ಅಲ್ಲ. ಯಾರ ಪಾಪನೂ ಅಲ್ಲ."

ಡಾಕ್ಟರಮ್ಮ ಕೊಟ್ಟ ಸ್ಟಿರಾಯ್ಡ್ ಗುಳಿಗೆ ಶುರುವಾಗಿ ಕೆಲವು ವಾರಗಳಲ್ಲಿ ಸತ್ಯವ್ವ ಬಿಸಿ ರೊಟ್ಟಿ ಉಂಡಳು. ಆದರೆ ಗುಡ್ಡವ್ವ, "ಆರಾಮ ಆತಲ್ಲ, ಇನ್ನ ಸಾಕ" ಎಂದು ಗುಳಿಗೆ ಬಚ್ಚಿಟ್ಟಳು. ನಾಲ್ಕೇ ದಿನಕ್ಕೆ ಸತ್ಯವ್ವನಿಗೆ ತಲೆ ತಿರುಗಿತು. ಬಾಯಲ್ಲಿ ಮತ್ತೆ ಗುಳ್ಳೆ.

ಸುದ್ದಿ ಕೇಳಿ ಬಂದ ಮಾಶಾಬಿ ಗಾಬರಿಯಾದಳು. "ಸ್ಟಿರಾಯ್ಡ್ ಗುಳಿಗಿ ಒಮ್ಮೆಲೆ ಬಿಟ್ರ ಜೀವಕ್ಕ ಕುತ್ತು ಬರತೈತ್ರಿ ಆಯಿ! ಡಾಕ್ಟರ ಅದನ್ನ ಸ್ವಲ್ಪ ಸ್ವಲ್ಪ ಇಳಸಬೇಕು."

ಗುಡ್ಡವ್ವ ಬಚ್ಚಿಟ್ಟಿದ್ದ ಗುಳಿಗೆ ಹೊರತೆಗೆದು ಮಗನಿಗೆ ಹೇಳಿದಳು: "ಗಾಡಿ ತಗಿಯೋ. ನಾನೂ ಬರತೇನಿ. ತಪ್ಪ ನಂದು ಅಂತ ಡಾಕ್ಟರಮ್ಮನ ಮುಂದ ನಾನ ಹೇಳತೇನಿ."

ಸತ್ಯವ್ವ ಉಳಿದಳು. ಇಂದಿಗೂ ಅತ್ತೆಯೇ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುತ್ತಾಳೆ.

ಅಕ್ಕಂದಿರೇ, ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಮೈಮೇಲೆ ಗುಳ್ಳೆ ಎದ್ದು ಒಡೆಯುತ್ತಿದ್ದರೆ, ಮಣ್ಣು ಬಳಿಯುತ್ತ ಕೂಡಬೇಡಿ. ಡಾಕ್ಟರಿಗೆ ತೋರಿಸಿ. ಅವರು ಹೇಳುವವರೆಗೆ ಗುಳಿಗೆ ಬಿಡಬೇಡಿ. ರೋಗಿಯನ್ನು ದೂರ ಇಡಬೇಡಿ. ದೂರ ಇಟ್ಟರೆ ರೋಗ ಹೋಗುವುದಿಲ್ಲ, ಮನುಷ್ಯರು ಹೋಗುತ್ತಾರೆ.