ಕೆಳಗಿನ ಎಲೆಗಳು

ಅಕ್ಕ ನಮ್ಮಿಬ್ಬರ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ತೋಟ ಬಿಟ್ಟುಹೋಗಿ ಎರಡು ಬೆಳೆಯಾಯಿತು. ತಪ್ಪು ನನ್ನದೇ. ಆಗ ಟೊಮೆಟೊ ಗಿಡ ಮುಟ್ಟಿದರೆ ಸಾಕು, ಬಿಳಿ ನೊಣ ಹಿಟ್ಟು ತೂರಿದಂತೆ ಏಳುತ್ತಿದ್ದವು. ಅಕ್ಕ ಮಾತ್ರ, ನೊಣ ಕೊಲ್ಲುವ ಕಣಜದ ಹುಳುಗಳ ಮರಿಗಳನ್ನು ಅಂಟಿಸಿದ ಕಾರ್ಡುಗಳನ್ನು ಗಿಡಕ್ಕೆ ಕಟ್ಟಿ, "ಸ್ವಲ್ಪ ತಡಿಯೇ" ಎನ್ನುತ್ತ ಕೂತಿದ್ದಳು. ಸಾಸಿವೆಗಿಂತ ಸಣ್ಣ ಕಣಜ, ಕಚ್ಚಲೂ ಬರುವುದಿಲ್ಲ. ಅದು ಬಿಳಿ ನೊಣದ ಮರಿಯೊಳಗೆ ಮೊಟ್ಟೆಯಿಡಬೇಕು, ಮರಿ ಕಪ್ಪಾಗಬೇಕು, ಅದನ್ನು ಕೊರೆದುಕೊಂಡು ಇನ್ನೊಂದು ಕಣಜ ಬರಬೇಕು. ಇದೆಲ್ಲ ಯಾವ ಕಾಲಕ್ಕೆ ಎಂದು, ಅವಳು ಊಟಕ್ಕೆ ಹೋದಾಗ ನಾನು ಔಷಧಿ ಹೊಡೆದೆ. ನೊಣದ ಜೊತೆ ಕಣಜವೂ ಸತ್ತವು. ಅಕ್ಕ ಬೈಯಲಿಲ್ಲ. ಕೊರಳಿನ ಭೂತಗನ್ನಡಿ ತೆಗೆದು ಬಾಗಿಲ ಮೊಳೆಗೆ ಸಿಕ್ಕಿಸಿ ಹೊರಟುಬಿಟ್ಟಳು. ಈಗ ದೂರದ ನರ್ಸರಿಯಲ್ಲಿ ಕೆಲಸವಂತೆ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಖಾಲಿ ಸಾಲುಗಳಲ್ಲಿ ಓಡಾಡುವಾಗ ಅವಳ ಗೊಣಗಾಟಕ್ಕೂ ಹಂಬಲಿಸಿದ್ದೇನೆ. ಈ ಸಲ ನಾನೇ ಕಾರ್ಡು ಕಟ್ಟಿದೆ. ಒಂದೇ ಒಂದು ಮರಿ ಕಪ್ಪಾಗಲಿ, ಅಕ್ಕನಿಗೆ ಫೋನು ಮಾಡಿ ಕರೆಯುತ್ತೇನೆ ಎಂದುಕೊಂಡೆ. ದಿನಾ ಬೆಳಗ್ಗೆ ಭೂತಗನ್ನಡಿ ಹಿಡಿದು ತುದಿಯ ಎಲೆಗಳನ್ನು ಮಗುಚಿ ನೋಡಿದೆ. ಮೂರು ವಾರ ಬರೀ ಬಿಳಿ. ನನ್ನ ಕೋಪವೋ ಮೂಗಿನ ತುದಿಯಲ್ಲೇ ಇರುತ್ತದೆ. ಕಾದದ್ದು ಸಾಕೆಂದು ರೇಗಿ, ಬುಡದ ಹಳೆ ಎಲೆಗಳನ್ನೆಲ್ಲ ಕಿತ್ತು ಹೊರಗಿನ ಗೊಬ್ಬರದ ಗುಂಡಿಗೆ ಸುರಿದೆ.

ಕೊನೆಯ ಬುಟ್ಟಿ ಸುರಿಯುವಾಗ ಒಂದೆಲೆ ಮಗುಚಿ ಬಿತ್ತು. ಅದರ ಹಿಂಬದಿಯಲ್ಲಿ ಎಳ್ಳು ಚೆಲ್ಲಿದಂತೆ ಕಪ್ಪು ಮರಿಗಳು. ಗಿಡ ಬೆಳೆದು ಮೇಲೆ ಹೋಗಿತ್ತು, ಕಣಜ ಮೊಟ್ಟೆಯಿಟ್ಟ ಎಲೆಗಳು ಕೆಳಗೇ ಉಳಿದಿದ್ದವು. ಇಷ್ಟು ದಿನ ಕಾದದ್ದನ್ನು ನನ್ನ ಕೈಯಾರೆ ಎಸೆದಿದ್ದೆ.

ಅಲ್ಲೇ ನಿಂತು ಫೋನು ಮಾಡಿದೆ. "ಅಕ್ಕಾ, ಮತ್ತೆ ಹಾಳು ಮಾಡ್ಬಿಟ್ಟೆ ಕಣೇ" ಎಂದು ಎಲ್ಲ ಒದರಿದೆ.

ಅತ್ತ ನೀರು ಬಿಡುವ ಸದ್ದು ನಿಂತಿತು. "ಬಿಸಿಲಿಗೆ ಬಿದ್ದು ಎಷ್ಟೊತ್ತಾಯ್ತು?"

"ಅರ್ಧ ಗಂಟೆ."

"ಕಪ್ಪಾಗಿರೋದ್ರಲ್ಲಿ ತೂತು ಬಿದ್ದಿದ್ಯಾ ನೋಡು."

ಕಣ್ಣೊರೆಸಿಕೊಂಡು ನೋಡಿದೆ. "ಇಲ್ಲ."

"ಹಾಗಾದ್ರೆ ಇನ್ನೂ ಒಳಗೇ ಇವೆ. ಅಳ್ತಾ ನಿಲ್ಬೇಡ. ಎಲ್ಲಾ ಎತ್ತಿ ಗಿಡದ ಬುಡಕ್ಕೆ ಹರಡು. ಹೊರಗೆ ಬರೋಕೆ ಒಂದು ವಾರ ಬೇಕು."

"ನೀನು ಬರ್ತೀಯಾ?"

ಅಕ್ಕ ಕೇಳಿದಳು, "ನನ್ನ ಭೂತಗನ್ನಡಿ ಎಲ್ಲಿದೆ?"

"ನನ್ನ ಕೊರಳಲ್ಲಿ."

"ಮೊಳೆಗೆ ಹಾಕು. ಬಂದು ತಗೋತೀನಿ."